ಪಳಗಿದ ಕಿವಿ

ನನ್ನ ಗಂಡ ಸತ್ತಾಗ ಅವರ ಕಿವಿಯೊಳಗೆ ಏನೂ ಇರಲಿಲ್ಲ. ಇತ್ತು ಎಂದು ಮಿಲ್ಲಿನವರು ಹೇಳುತ್ತಾರೆ. ಮೇಣ ತುರುಕಿಕೊಂಡಿದ್ದ, ಕೂಗಿದ್ದು ಕೇಳಿಸಲಿಲ್ಲ, ಸತ್ತ ಎನ್ನುತ್ತಾರೆ. ಮೈ ತೊಳೆಯುವಾಗ ತಲೆ ಹಿಡಿದುಕೊಂಡವಳು ನಾನು. ಎರಡು ಕಿವಿಯೂ ಬರಿದಾಗಿದ್ದವು.

ಅವರ ಹೆಸರು ಸಣ್ಣಸ್ವಾಮಿ. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಬರೆಯಬೇಡ ಎಂದು ಯಾರೂ ಹೇಳಿಲ್ಲ.

ನಮ್ಮದು ಅರಕಲಗೂಡು ಕಡೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮಾರನೇ ವರ್ಷ ಕುಶಾಲನಗರಕ್ಕೆ ಬಂದೆವು. ಅವರು, ನಾನು, ಅತ್ತೆ ನಿಂಗಮ್ಮ. ಮಕ್ಕಳು ಆಗಲಿಲ್ಲ. ಹೊಳೆ ಹತ್ತಿರದ ಒಂದು ಸಾಮಿಲ್ಲಿನಲ್ಲಿ ಅವರಿಗೆ ಕೆಲಸ ಸಿಕ್ಕಿತು. ಮಾಕುಟ್ಟದ ಕಾಡಿನಿಂದ ಲಾರಿಯಲ್ಲಿ ದಿಮ್ಮಿ ಬರುತ್ತಿತ್ತು. ಒಳಗೆ ಕಬ್ಬಿಣದ ಬೆಂಚು, ಅದರ ನಡುವೆ ಎದೆಯೆತ್ತರದ ಚಕ್ರದ ಗರಗಸ. ಅದು ಮರ ಕಚ್ಚಿದಾಗ ಪಕ್ಕದಲ್ಲಿ ನಿಂತವರ ಹಲ್ಲು ಜುಮ್ಮೆನ್ನುತ್ತಿತ್ತು.

ಆ ಮಿಲ್ಲಿನಲ್ಲಿ ಒಂದು ಪದ್ಧತಿ ಇತ್ತು. ಮೇಸ್ತ್ರಿ ಚನ್ನಮಲ್ಲಪ್ಪ ಮಾಡಿದ್ದು. ಬೆಂಚಿಗೆ ಹೊಸಬ ಬಂದರೆ ಅವನ ಕಿವಿ ಪಳಗಿಸಬೇಕು. ಹೋರಿ ಪಳಗಿಸುತ್ತಾರಲ್ಲ, ಹಾಗೆ. ಹತ್ತಿ, ಬಟ್ಟೆ ಏನನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಬರೀ ಕಿವಿಯಲ್ಲಿ ಗರಗಸದ ಪಕ್ಕ ನಿಲ್ಲಬೇಕು. ಮೊದಮೊದಲು ತಲೆ ಸಿಡಿಯುತ್ತದೆ, ಉಂಡದ್ದು ನಿಲ್ಲುವುದಿಲ್ಲ. ಅದು ಹಸಿ ಕಿವಿ. ಆಮೇಲೆ ಒಂದು ದಿನ ನೋವು ನಿಂತು ಒಳಗೆ ಜೀರುಂಡೆ ಕೂತ ಹಾಗೆ ಒಂದೇ ಸಮ ಗುಂಯ್ ಎನ್ನುತ್ತದೆ. ಆವತ್ತು ಮಿಲ್ಲಿಗೆ ಹಬ್ಬ. ಮೇಸ್ತ್ರಿ ಗರಗಸದ ಮುಂದೆ ಕಾಯಿ ಒಡೆದು, ಆಳಿನ ಕಿವಿಯ ಹಿಂದೆ ಕುಂಕುಮ ಬಳಿದು, "ಪಳಗ್ತು!" ಎಂದು ಕೂಗುತ್ತಾನೆ. ಎಲ್ಲರಿಗೂ ಕೋಳಿ ಸಾರು.

ನಮ್ಮವರ ಕಿವಿ ಬೇಗ ಪಳಗಿತು. ಇಷ್ಟು ಬೇಗ ಪಳಗಿದ ಕಿವಿಯನ್ನೇ ಕಂಡಿಲ್ಲ ಎಂದು ಮೇಸ್ತ್ರಿ ಬೆನ್ನು ತಟ್ಟಿದನಂತೆ. ಕುಂಕುಮ ಒರೆಸಿಕೊಳ್ಳದೆ ಮನೆಗೆ ಬಂದರು.

"ಈಗ ಗರಗಸ ಪಕ್ಕದಲ್ಲೇ ಓಡಿದ್ರೂ ಸೊಳ್ಳೆ ಹಾಡ್ದಂಗೆ ಕಣಮ್ಮಿ" ಎಂದರು.

"ನಾನು ಕರೆದ್ರೆ ಕೇಳ್ತದಾ?"

"ನಿನ್ನ ದನಿ ಕೇಳ್ದೆ ಇರ್ತದಾ? ಹೋರಿ ಗುಟುರು ಹಾಕ್ದಂಗೈತೆ."

ನನ್ನದು ಗಂಡು ದನಿ. ಹೆಣ್ಣು ನೋಡಲು ಬಂದವರು ಅದಕ್ಕೇ ಬೇಡವೆಂದು ಎದ್ದು ಹೋದದ್ದುಂಟು. ಇವರು ನಕ್ಕು ಒಪ್ಪಿದ್ದರು.

ಕೆಲವು ವರ್ಷ ಹೀಗೇ ಹೋಯಿತು. ಅವರು ಬೆಂಚಿನ ಮುಖ್ಯ ಆಳಾದರು. ಆ ಕೆಲಸಕ್ಕೆ ಕೈಗಿಂತ ಕಿವಿ ಬೇಕು. ದಿಮ್ಮಿಯೊಳಗೆ ಹಳೆಯ ಮೊಳೆ ಇರುತ್ತದೆ, ಬೇಟೆಯವರು ಹೊಡೆದ ಗುಂಡು ಇರುತ್ತದೆ. ಹಲ್ಲು ಅದನ್ನು ಸೋಕಿದ ಕೂಡಲೇ ಗರಗಸದ ದನಿ ಬದಲಾಗುತ್ತದೆ. ಆಗಲೇ ದಿಮ್ಮಿಯನ್ನು ಹಿಂದಕ್ಕೆ ಎಳೆಯಬೇಕು. ಎಳೆಯದಿದ್ದರೆ ಹಲ್ಲು ಮುರಿದು ಹಾರಿ ಯಾರ ಎದೆಗಾದರೂ ಹೊಕ್ಕೀತು. ಅದಕ್ಕೇ ಕಿವಿ ಮಂದವಾದವನನ್ನು ಬೆಂಚಿನಲ್ಲಿ ಇಡುವುದಿಲ್ಲ. ಅಂಗಳಕ್ಕೆ ಹಾಕುತ್ತಾರೆ. ಅಂಗಳ ಎಂದರೆ ಲಾರಿಯಿಂದ ದಿಮ್ಮಿ ಇಳಿಸುವ ಜಾಗ. ಇಳಿಜಾರಾಗಿ ಇಟ್ಟ ಎರಡು ಮರದ ಮೇಲೆ ದಿಮ್ಮಿಯನ್ನು ಉರುಳಿಸಿ ಬಿಡುತ್ತಾರೆ. ಬಿಡುವ ಮುಂಚೆ "ಸರ್ಕಳ್ರೋ" ಎಂದು ಒಂದು ಕೂಗು ಹಾಕುತ್ತಾರೆ. ಕೇಳಿಸಿಕೊಂಡವನು ಸರಿಯುತ್ತಾನೆ. ಹಾಗೆ ಅಂಗಳಕ್ಕೆ ಹೋದ ಒಬ್ಬ ಕಿವುಡ ನಾವು ಬರುವ ಮುಂಚೆಯೇ ಕಾಲು ಕಳೆದುಕೊಂಡು ಊರಿಗೆ ಹೋಗಿದ್ದ. ಬೆಂಚಿಗೆ ಆಗದ ಕಿವಿ ಅಂಗಳಕ್ಕೆ ಹೇಗೆ ಆಗುತ್ತದೆ ಎಂದು ಆ ಮಿಲ್ಲಿನಲ್ಲಿ ಯಾರೂ ಕೇಳಲಿಲ್ಲ.

ನಮ್ಮವರಿಗೆ ಮೊದಲು ಕೇಳಿಸದೆ ಹೋದದ್ದು ಅವರ ಅವ್ವನ ದನಿ. ಅತ್ತೆಯದು ಕೀರಲು ಗಂಟಲು.

"ಲೋ ಸಣ್ಣಾ, ಎಲೆ ಅಡಿಕೆ ಮುಗ್ದೈತೆ ಕಣ್ಲಾ."

ಅವರು ಮುದ್ದೆ ಮುರಿಯುತ್ತಲೇ ಇದ್ದರು.

"ಅವ್ವ ಎಲೆ ಅಡಿಕೆ ಕೇಳ್ತಾವ್ರೆ" ಎಂದು ನಾನು ಹೇಳಿದೆ.

"ತಂದ್ರಾಯ್ತು" ಎಂದರು.

ಅತ್ತೆ ಎದೆ ಬಡಿದುಕೊಂಡಳು. "ನೋಡ್ರಪ್ಪಾ ನ್ಯಾಯಾನ! ಹೆತ್ತವಳು ಕೂಗಿದ್ರೆ ಗೋಡೆ. ಇವಳು ಗೊರ್ ಅಂದ್ರೆ ತಿರುಗ್ತಾನೆ. ಏನಿಕ್ಕಿದ್ಯೇ ನನ್ನ ಮಗನಿಗೆ?"

ಪಕ್ಕದ ಮನೆಯ ರುದ್ರಮ್ಮ ಮಂತ್ರಿಸಿದ ನಿಂಬೆಹಣ್ಣು ತಂದುಕೊಟ್ಟಳು. ಅತ್ತೆ ಅದನ್ನು ನನ್ನ ತಲೆಗೆ ನಿವಾಳಿಸಿ ಬೀದಿಗೆ ಎಸೆದಳು. ಮಗನಿಗೆ ಆಮೇಲೂ ಕೇಳಿಸಲಿಲ್ಲ. ನಿಂಬೆಹಣ್ಣು ಹಳೆಯದಿತ್ತು ಎಂದು ರುದ್ರಮ್ಮನಿಗೂ ಅತ್ತೆಗೂ ಜಗಳವಾಯಿತು.

ಒಂದು ದಿನ ಪೇಟೆಬೀದಿಯಲ್ಲಿ ಹಿಂದಿನಿಂದ ಬಂದ ಸೈಕಲ್ಲು ಅವರನ್ನು ಚರಂಡಿಗೆ ಕೆಡವಿತು. ಗಂಟೆ ಬಾರಿಸಿದೆ, ಬಾರಿಸಿದೆ ಎಂದು ಸೈಕಲ್ಲಿನವನು ಬೈದ. ಗಂಟೆಯೇ ಇರಲಿಲ್ಲ ಎಂದು ಇವರು ಬೈದರು. ನಾನು ಜೊತೆಯಲ್ಲೇ ಇದ್ದೆ. ಗಂಟೆ ನನಗೆ ಕೇಳಿಸಿತ್ತು.

ಬಸ್ಸು ಹತ್ತಿಸಿ ಮಡಿಕೇರಿಗೆ ಕರೆದುಕೊಂಡು ಹೋದೆ. ಕಿವಿ ನೋಡುವ ಡಾಕ್ಟರು ಕವಲು ಒಡೆದ ಒಂದು ಕಬ್ಬಿಣವನ್ನು ಮೊಣಕೈಗೆ ಬಡಿದು ಕಿವಿಯ ಹತ್ತಿರ ಹಿಡಿದರು. ಕೇಳುತ್ತದಾ ಎಂದರು. ಏನು ಎಂದರು ಇವರು.

"ಎಲ್ಲಿ ಕೆಲಸ?"

"ಸಾಮಿಲ್ಲಿನಲ್ಲಿ. ಪಳಗಿದ ಕಿವಿ ಸ್ವಾಮಿ ನಂದು."

"ಪಳಗಿಲ್ಲಪ್ಪ. ಸತ್ತಿದೆ. ಹೋಗಿರೋದು ಇನ್ನು ಬರೋದಿಲ್ಲ. ಮಿಕ್ಕಿರೋದನ್ನ ಉಳಿಸ್ಕೋಬೇಕಾದ್ರೆ ಕೆಲಸ ಮಾಡೋವಾಗ ಕಿವಿ ಭದ್ರವಾಗಿ ಮುಚ್ಚು. ದೊಡ್ಡ ಊರಲ್ಲಿ ಅದಕ್ಕೇ ಅಂತ ರಬ್ಬರಿನವು ಸಿಗ್ತವೆ. ಸಿಗದಿದ್ರೆ ಗಾಳಿ ಹೋಗದ ಹಾಗೆ ಏನಾದ್ರೂ ಇಟ್ಕೊ. ಸಡಿಲ ಇದ್ರೆ ಇಟ್ಟೂ ಉಪಯೋಗ ಇಲ್ಲ."

ಬಸ್ಸಿನಲ್ಲಿ ವಾಪಸು ಹೊರಟೆವು. ಸುಂಟಿಕೊಪ್ಪ ದಾಟಿದ ಮೇಲೆ, "ಮೇಸ್ತ್ರಿಗೆ ಗೊತ್ತಾಗ್ಬಾರ್ದು" ಎಂದರು. ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡುವಷ್ಟು ಜೋರಾಗಿ ಎಂದರು. ಗುಟ್ಟು ಹೇಳುತ್ತಿದ್ದೇನೆ ಎಂದುಕೊಂಡಿದ್ದರು ಪಾಪ.

ಬೆಂಚು ಬಿಟ್ಟುಬಿಡಿ ಎಂದೆ. ಬಿಟ್ಟರೆ ಯಾವುದಾದರೂ ಕಾಫಿ ತೋಟದಲ್ಲಿ ಆಳುಗಳ ಲೈನ್ ಮನೆ ಹಿಡಿದು ಕೂಲಿ ಮಾಡಬೇಕು. ಬೆಂಚಿನ ಆಳು ಎನಿಸಿಕೊಂಡವನು ಗೊಬ್ಬರ ಹೊರುತ್ತೇನಾ ಎಂದರು. ಹಾಗಾದರೆ ಕಿವಿ ಮುಚ್ಚಲೇಬೇಕು. ಯಾವುದರಿಂದ ಎಂದು ಮನೆಯಲ್ಲೇ ನೋಡಿದೆವು. ಅವರು ಬಾಗಿಲ ಕಡೆ ಮುಖ ಮಾಡಿ ಕೂರುವುದು, ನಾನು ಹಿಂದೆ ನಿಂತು ಹಿತ್ತಾಳೆ ಕೊಳಗಕ್ಕೆ ಒನಕೆಯಲ್ಲಿ ಬಡಿಯುವುದು. ನನಗೆ ಬಂದ ನಗುವಿಗೆ ಅವರೂ ನಗುತ್ತಿದ್ದರು. ಅತ್ತೆಗೆ ಮಾತ್ರ ಮನೆಗೆ ಗ್ರಹಚಾರ ಬಂದ ಹಾಗಿತ್ತು.

ಮೊದಲು ಒಣ ಹತ್ತಿ ಇಟ್ಟೆ. ಕೊಳಗ ಬಡಿದರೆ ಬೆಚ್ಚಿದರು. ಹತ್ತಿಗೆ ಶಬ್ದ ನಿಲ್ಲುವುದಿಲ್ಲ. ಎಣ್ಣೆ ಬಟ್ಟೆ ಸುತ್ತಿ ಇಟ್ಟೆ, ದವಡೆ ಆಡಿಸಿದರೆ ಉದುರಿತು. ಸೈಕಲ್ ಟ್ಯೂಬು ಕತ್ತರಿಸಿ ಸುರುಳಿ ಮಾಡಿ ತುರುಕಿಕೊಂಡರು. ಶಬ್ದವೇನೋ ನಿಂತಿತು, ಆದರೆ ಒಳಗೆ ಗಾಯವಾಗಿ ಕೀವು ಬಂತು. ಕೊನೆಗೆ, ಕಾಡಿನಿಂದ ಜೇನು ತಂದು ಮಾರುವ ಚೋಮಿಯ ಹತ್ತಿರ ಮೇಣ ಕೇಳಿದೆ.

"ದೀಪಕ್ಕಾ ಅಕ್ಕಾ?" ಎಂದಳು.

"ಕಿವಿಗೆ."

"ಕಿವಿಲಿ ದೀಪ ಹಚ್ಚೀಯಾ?" ಎಂದು ನಕ್ಕು ಮುಷ್ಟಿ ತುಂಬ ಕೊಟ್ಟು ಹೋದಳು.

ಮೇಣವನ್ನು ಅಂಗೈಯಲ್ಲಿ ಬಿಸಿ ಮಾಡಿ ಎಳೆ ಬಿಡಿಸಿದ ಹತ್ತಿಯ ಜೊತೆ ನಾದಬೇಕು. ಬರೀ ಮೇಣವಾದರೆ ಒಳಗೆ ಕರಗಿ ಹಿಡಿದುಕೊಳ್ಳುತ್ತದೆ, ಹತ್ತಿ ಸೇರಿದರೆ ಇಡಿಯಾಗಿ ಬರುತ್ತದೆ. ಅಡಿಕೆ ಹೋಳಿನಷ್ಟು ಸಾಕು. ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದುಕೊಂಡು ಕೂರಿಸಬೇಕು. ತೀರಾ ಒಳಗೆ ದೂಡಬಾರದು. ತೆಗೆಯಲು ಸ್ವಲ್ಪ ಹೊರಗಿರಬೇಕು. ಕೊಳಗ ಬಡಿದೆ. ಅವರು ಅಲುಗಲಿಲ್ಲ. ಒನಕೆ ಮುರಿಯುವ ಹಾಗೆ ಬಡಿದೆ. ಮೆಲ್ಲಗೆ ತಿರುಗಿ, "ದೂರದಲ್ಲಿ ಯಾರೋ ತಮಟೆ ಬಡೀತಾವ್ರೆ" ಎಂದರು.

ಮೇಣದ ಮೇಲೆ ತಲೆಗೆ ವಸ್ತ್ರ ಸುತ್ತಿ ಕಿವಿ ಮರೆಮಾಡಿಕೊಂಡು ಹೋಗತೊಡಗಿದರು. ಗರಗಸದ ದನಿ ಕೇಳಿಸದೆ ಹೋದೀತು ಎಂದು ನನಗೆ ಹೆದರಿಕೆಯಿತ್ತು. ಹಾಗಾಗಲಿಲ್ಲ. ಕಿವಿಗೆ ಹೊಡೆತ ಕಡಿಮೆಯಾಗಿ, ದನಿ ಬದಲಾದದ್ದು ಮೊದಲಿಗಿಂತ ಚೆನ್ನಾಗಿ ತಿಳಿಯುತ್ತದೆ ಎಂದರು. ಸಂಜೆ ಜೀರುಂಡೆಯ ಕೂಗು ಇಳಿಯಿತು. ಹೋದದ್ದು ಬರಲಿಲ್ಲ, ಆದರೆ ಹತ್ತಿರ ಕೂತವರ ಮಾತು ಅಷ್ಟಿಷ್ಟು ತಿಳಿಯತೊಡಗಿತು. ಒಂದು ಸಂಜೆ ಅವರು ಅನ್ನದ ತಟ್ಟೆ ಕೆಳಗಿಟ್ಟು ಕೇಳಿದರು.

"ಅವ್ವ ಯಾಕೆ ನಿನ್ನ ಮುಂಡೆ ಅಂದ್ಲು?"

"ದಿನಾ ಅಂತಾರೆ. ನಿಮಗೆ ಇವತ್ತು ಕೇಳಿಸ್ತು."

ಅವರು ನಕ್ಕರು. ಆಮೇಲೆ ಅತ್ತೆಯನ್ನು ಗದರಿದರು. ಮಗನಿಗೆ ಕೇಳಿಸುತ್ತದೆ ಎಂದು ಗೊತ್ತಾದ ಮೇಲೆ ಅತ್ತೆ ನನ್ನನ್ನು ಹಿತ್ತಲಿನಲ್ಲಿ ಬಯ್ಯತೊಡಗಿದಳು. ನಮಗೆ ಅದೇ ಒಳ್ಳೆಯ ಕಾಲ.

ಬೇಸಿಗೆ ಬಂತು. ಮಿಲ್ಲಿನಲ್ಲಿ ಎಲ್ಲರೂ ಅಂಗಿ ಬಿಚ್ಚಿ ಕೆಲಸ ಮಾಡುವಾಗ ಇವರೊಬ್ಬರು ತಲೆಗೆ ಬಟ್ಟೆ ಸುತ್ತಿಕೊಂಡಿದ್ದರು. ನಾನು ದಿನಾ ಬುತ್ತಿ ಒಯ್ಯುತ್ತಿದ್ದೆ. ಅವತ್ತು ನಾನು ಹೋದಾಗ ಗರಗಸ ತಿರುಗಿಸುವ ಎಂಜಿನ್ನು ಆಗ ತಾನೇ ನಿಂತಿತ್ತು. ಬೆಂಚಿನ ಆಚೆ ಬದಿಯಲ್ಲಿ ದಿಮ್ಮಿ ತಳ್ಳುವ ನಾಗರಾಜು ಹಿಂದಿನಿಂದ ಬಂದ.

"ಏನ್ ಸಣ್ಣಣ್ಣ, ಹೊಸ ಮದುವಣಗಿತ್ತಿ ಥರ ಮುಸುಕು? ಸ್ವಲ್ಪ ಮುಖ ತೋರ್ಸು" ಎಂದು ವಸ್ತ್ರ ಎಳೆದ. ಒಂದು ಕಿವಿಯ ಮೇಣ ಕಿತ್ತು ಬೆಂಚಿನ ಮೇಲೆ ಬಿತ್ತು.

"ಅಯ್ಯಪ್ಪಾ! ಮೇಸ್ತ್ರಿ, ಬನ್ನಿ ಇಲ್ಲಿ! ಸಣ್ಣಣ್ಣನ ತಲೆ ಸೀಳೋಕೆ ಯಾರೋ ಬೆಣೆ ಹೊಡ್ದವ್ರೆ!"

ಎಲ್ಲರೂ ಸುತ್ತ ಸೇರಿದರು. "ಹಸಿ ಕಿವಿ, ಹಸಿ ಕಿವಿ" ಎಂದು ಕುಣಿದರು. ಅವರಿಗಿಂತ ಕಿರಿಯರೂ ಕುಣಿದರು. ಚನ್ನಮಲ್ಲಪ್ಪ ಬಂದು ಮೇಣವನ್ನು ಎತ್ತಿ ಮೂಸಿ ನೋಡಿ, ಮರದ ಹೊಟ್ಟಿನ ರಾಶಿಗೆ ಎಸೆದ.

"ಗರಗಸದ ಮುಂದೆ ಕಾಯಿ ಒಡ್ದು ಪಳಗ್ಸಿದ ಕಿವಿ ಕಣ್ಲಾ ಅದು. ಅದಕ್ಕೆ ಮುಚ್ಚಳ ಹಾಕ್ತೀಯಾ?"

"ಡಾಕ್ಟ್ರು ಹೇಳಿದ್ರು ಮೇಸ್ತ್ರಿ. ಉಳಿದಿದ್ದಾದ್ರೂ ಉಳೀಲಿ ಅಂತ."

"ಉಳಿದಿದ್ದು ಅಂದ್ರೆ? ಹಂಗಾರೆ ಹೋಗಿರೋದು ಎಷ್ಟು?"

ಇವರು ವಸ್ತ್ರ ಎತ್ತಿಕೊಂಡು ಮತ್ತೆ ಕಿವಿಗೆ ಸುತ್ತಿಕೊಳ್ಳಲು ನೋಡಿದರು.

ಮೇಸ್ತ್ರಿ ಇನ್ನೊಂದು ಕಿವಿಯ ಮೇಣವನ್ನೂ ತೆಗೆಸಿದ. ಹೊಳೆಯ ಕಡೆ ಮುಖ ಮಾಡಿಸಿ ಒಂದು ತುಂಡು ಮರದ ಮೇಲೆ ಕೂರಿಸಿದ. ಕರೆದಾಗ ಕೈ ಎತ್ತು ಎಂದ. ಆಮೇಲೆ ಎಲ್ಲರೂ ಹಿಂದೆ ದೂರ ಸರಿದು ನಿಂತರು. ನನಗೆ ಬೆರಳು ತೋರಿಸಿ, "ನೀನು ಬಾಯಿ ಬಿಟ್ಟೀಯ, ಜೋಕೆ" ಎಂದ.

ನಾಗರಾಜು ಹೆಂಗಸರ ದನಿ ಮಾಡಿ ಕರೆದ. "ಸಣ್ಣಣ್ಣಾ, ಬಾರೋ ರಾಜ."

ಅವರು ಹೊಳೆ ನೋಡುತ್ತ ಕೂತಿದ್ದರು.

"ಸಣ್ಣಣ್ಣಾ, ನಿನ್ನ ಹೆಂಡ್ತಿ ಲಾರಿಯವನ ಜೊತೆ ಓಡೋದ್ಲು."

ಕೈ ಏಳಲಿಲ್ಲ. ಒಬ್ಬ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ. ಒಬ್ಬೊಬ್ಬರಾಗಿ ಕರೆದರು. ಅವರವರ ಬಾಯಿಗೆ ಬಂದದ್ದೆಲ್ಲ ಅಂದರು, ನನ್ನ ಮುಂದೆಯೇ ಅಂದರು. ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, ಕರೆಯುವುದನ್ನೇ ಕಾಯುತ್ತ ಕೂತಿದ್ದರು. ಇನ್ನೂ ಶುರುವಾಗಿಲ್ಲ ಎಂದುಕೊಂಡಿದ್ದರು.

ನನಗೆ ತಡೆಯಲಾಗಲಿಲ್ಲ. "ಏಳಿ ಮೇಲಕ್ಕೆ!" ಎಂದು ಕೂಗಿದೆ.

ಅವರು ತಟ್ಟನೆ ಕೈ ಎತ್ತಿದರು. ತಿರುಗಿದರು. ಮುಖದ ತುಂಬ ನಗು. "ನೋಡಿದ್ರಾ ಮೇಸ್ತ್ರಿ, ಕೇಳಿಸ್ತು" ಎಂದರು.

ಆ ನಗುವನ್ನು ನಾನು ಮರೆತಿಲ್ಲ.

ಕಿವಿ ಕೆಟ್ಟದ್ದು ಗರಗಸದಿಂದ ಎಂದು ಅಲ್ಲಿ ಒಬ್ಬನೂ ಅನ್ನಲಿಲ್ಲ. "ಮೇಣ ಇಟ್ಟೂ ಇಟ್ಟೂ ಕೆಡಿಸ್ಕೊಂಡ. ಪಳಗಿದ್ದನ್ನ ಮುಚ್ಚಿಟ್ರೆ ಬೂಷ್ಟು ಹಿಡೀದೆ ಇರ್ತದಾ?" ಎಂದ ಮೇಸ್ತ್ರಿ. ಹೌದು ಹೌದು ಎಂದರು ಎಲ್ಲರೂ. ಕೆಲವರು ಹೌದು ಎನ್ನುವ ಮುಂಚೆ ಮೇಸ್ತ್ರಿಯ ತುಟಿ ನೋಡಿಕೊಂಡರು. ಏನೆಂದ ಎಂದು ಪಕ್ಕದವನನ್ನು ಕೇಳಿಕೊಂಡು ತಲೆ ಆಡಿಸಿದವರೂ ಇದ್ದರು.

ಮಾರನೇ ದಿನದಿಂದ ಅಂಗಳಕ್ಕೆ ಎಂದ.

"ಅಂಗಳದಲ್ಲಿ ಕೂಗಿದ್ದು ಅವರಿಗೆ ಕೇಳ್ಸಲ್ಲ ಮೇಸ್ತ್ರಿ" ಎಂದು ನಾನು ಕೈ ಮುಗಿದೆ. "ಹೊಟ್ಟು ತುಂಬೋಕಾದ್ರೂ ಹಾಕಿ."

"ಹೊಟ್ಟು ತುಂಬೋದು ಹೆಂಗಸರ ಕೆಲಸ. ನೀನು ಬೇಕಾದ್ರೆ ಬಾ."

ಇನ್ನಾದರೂ ತೋಟದ ಕೂಲಿಗೆ ಹೋಗೋಣ ಎಂದೆ. ಕಿವಿ ಸರಿಯಿದೆ ಎಂದು ತೋರಿಸಿ ಬೆಂಚಿಗೆ ವಾಪಸು ಹೋಗುತ್ತೇನೆ ಎಂದು ಅವರು ಹಟ ಹಿಡಿದರು. ಅಂಗಳದಲ್ಲಿ ಶಬ್ದವಿಲ್ಲ, ಮೇಣದ ಕೆಲಸವೂ ಇಲ್ಲ. ಚೋಮಿ ಕೊಟ್ಟದ್ದರಲ್ಲಿ ಉಳಿದ ಮೇಣವನ್ನು ಎರಡು ಉಂಡೆ ಮಾಡಿ ಮನೆಯ ಗೂಡಿನಲ್ಲಿ ಒಂದು ಡಬ್ಬಿಗೆ ಹಾಕಿಟ್ಟೆ. ಅವರು ಕಿವಿಯ ಕೆಲಸವನ್ನು ಕಣ್ಣಿನಿಂದ ಮಾಡತೊಡಗಿದರು. ಯಾವಾಗಲೂ ಲಾರಿಯ ಕಡೆ ಮುಖ. ಲಾರಿಯ ಮೇಲಿದ್ದವನ ಬಾಯಿ ತೆರೆದರೆ ಪಕ್ಕಕ್ಕೆ ಹಾರುವುದು. ಅವನು ಆಕಳಿಸಿದರೂ ಹಾರುತ್ತಿದ್ದರು. ಅದನ್ನು ಕಂಡುಹಿಡಿದ ಮೇಲೆ ಲಾರಿಯವರಿಗೆ ಆಟವಾಯಿತು. ಸುಮ್ಮಸುಮ್ಮನೆ ಬಾಯಿ ತೆರೆಯುತ್ತಿದ್ದರು. ಇವರು ಹಾರುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ಮಳೆ ಶುರುವಾಗುವ ಮುಂಚೆ ಕಾಡಿನ ಮರ ಇಳಿಸಿಬಿಡಬೇಕೆಂದು ಒಂದು ದಿನ ಎರಡು ಲಾರಿ ಒಟ್ಟಿಗೆ ಬಂದವು. ಅವರು ಒಂದು ಲಾರಿಯ ಕಡೆ ಮುಖ ಮಾಡಿ ನಿಂತಿದ್ದರು. ಇನ್ನೊಂದರಿಂದ ದಿಮ್ಮಿ ಬಿಟ್ಟರು. ಕೂಗಿದರಂತೆ. ಒಬ್ಬನಲ್ಲ, ಎಲ್ಲರೂ ಕೂಗಿದರಂತೆ. ನಾಗರಾಜು ನನಗೆ ಹೇಳಿದ್ದು. ಅವನು ಅಳುತ್ತಲೂ ಇದ್ದ.

ಹೆಣ ಮನೆಗೆ ಬರುವ ಮುಂಚೆ ಮೇಸ್ತ್ರಿಯ ಮಾತು ಬಂದಿತ್ತು. ಕಿವಿಯಲ್ಲಿ ಮೇಣ ಇತ್ತು, ಬೇಡವೆಂದರೂ ಇಟ್ಟುಕೊಂಡಿದ್ದ ಎಂದು. ಮಿಲ್ಲಿನ ಸಾವುಕಾರರಿಗೂ ಹಾಗೇ ಹೇಳಿದ. ಮಿಲ್ಲಿನ ತಪ್ಪಿಲ್ಲ ಎಂದಾಯಿತು. ನಾನು ಗೂಡಿನಿಂದ ಡಬ್ಬಿ ತಂದು ಎಲ್ಲರ ಮುಂದೆ ತೆರೆದೆ. ಎರಡು ಉಂಡೆ ಹಾಗೇ ಇದ್ದವು. "ಇವು ಇಲ್ಲಿದ್ರೆ ಕಿವಿಲಿ ಇದ್ದಿದ್ದು ಯಾವುದು?" ಎಂದು ಕೇಳಿದೆ.

ಉತ್ತರ ಕೊಟ್ಟವಳು ಅತ್ತೆ. "ನೋಡಿ, ಇನ್ನೂ ಮಾಡಿಟ್ಟವ್ಳೆ! ನನ್ನ ಮಗನ ಕಿವಿ ಮುಚ್ಚಿ ಕೊಂದ್ಲು!" ಎಂದು ಡಬ್ಬಿಯನ್ನು ಒದ್ದಳು. ಸೇರಿದವರೆಲ್ಲ ಅತ್ತೆಯನ್ನು ಸಮಾಧಾನ ಮಾಡಿದರು.

ತಿಥಿ ಮುಗಿದ ಮೇಲೆ ನಾನು ಅದೇ ಮಿಲ್ಲಿಗೆ ಹೊಟ್ಟು ತುಂಬಲು ಹೋದೆ. ಅತ್ತೆಗೂ ನನಗೂ ಹೊಟ್ಟೆ ಇತ್ತು. ಹೊಟ್ಟು ಬೀಳುವುದು ಗರಗಸದ ಕೆಳಗಿನ ಗುಂಡಿಗೆ. ಅಲ್ಲಿ ಬಗ್ಗಿ ಮಂಕರಿಗೆ ತುಂಬಬೇಕು. ಮೊದಲ ದಿನವೇ ಕಿವಿಗೆ ಮೇಣ ಇಟ್ಟುಕೊಂಡೆ. ಮರೆಮಾಡಲಿಲ್ಲ. ಮೇಸ್ತ್ರಿ ನೋಡಿದ.

"ಇಟ್ಕೊ, ಇಟ್ಕೊ. ನಿನ್ನ ಕಿವಿ ಯಾರಿಗೆ ಬೇಕು" ಎಂದ.

ಹೆಂಗಸರ ಕಿವಿ ಪಳಗಿಸುವ ಪದ್ಧತಿ ಅಲ್ಲಿರಲಿಲ್ಲ, ಆಗ ಅಲ್ಲಿದ್ದ ಹೆಂಗಸು ನಾನೊಬ್ಬಳೇ. ಅದಕ್ಕೇ ಆ ಮಿಲ್ಲಿನಲ್ಲಿ ಸರಿಯಾಗಿ ಕೇಳಿಸುತ್ತಿದ್ದದ್ದು ನನಗೊಬ್ಬಳಿಗೆ. ಎಂಜಿನ್ನು ನಿಂತಾಗ ಮೇಣ ತೆಗೆದರೆ ಅವರ ಗುಟ್ಟೆಲ್ಲ ಕಿವಿಗೆ ಬೀಳುತ್ತಿತ್ತು. ಒಬ್ಬರಿಗೊಬ್ಬರು ಪಿಸುಗುಟ್ಟಿದರೆ ಅವರಿಗೇ ಕೇಳಿಸದು, ಅದಕ್ಕೆ ಕೂಗಿ ಆಡುತ್ತಿದ್ದರು. ಬೆಂಚಿನಲ್ಲಿ ನಮ್ಮವರ ಜಾಗಕ್ಕೆ ಬಂದಿದ್ದ ನಾಗರಾಜು ನನ್ನ ಬಗ್ಗೆ ಏನು ಮಾತಾಡುತ್ತಿದ್ದ ಎಂಬುದು ನನಗೆ ಗೊತ್ತು. ನನ್ನ ಗಂಡನ ಕಿವಿಯಲ್ಲಿ ಏನೂ ಇರಲಿಲ್ಲ ಎಂದು ಮೇಸ್ತ್ರಿ ಎಂಜಿನ್ನಿನವನ ಹತ್ತಿರ ಹೇಳಿ ನಕ್ಕದ್ದನ್ನೂ ಕೇಳಿಸಿಕೊಂಡೆ. ಅವನ ಪಕ್ಕದಲ್ಲೇ ಬಗ್ಗಿ ಮಂಕರಿ ತುಂಬುತ್ತಿದ್ದೆ. ನನಗೆ ಕೇಳಿಸುತ್ತದೆ ಎಂದು ಅವನಿಗೆ ಹೊಳೆಯಲೇ ಇಲ್ಲ.

ಮಳೆಗಾಲ ಕಳೆದು ಮತ್ತೆ ಲಾರಿಗಳು ಬಂದವು. ಒಂದು ದಿನ ಊಟದ ಹೊತ್ತಿಗೆ ಮಂಕರಿ ಹೊತ್ತುಕೊಂಡು ಅಂಗಳದ ಬದಿಯಿಂದ ಹೋಗುತ್ತಿದ್ದೆ. ಮೇಸ್ತ್ರಿ ಲಾರಿಗೆ ಬೆನ್ನು ಹಾಕಿ ಬೀಡಿ ಹಚ್ಚುತ್ತಿದ್ದ. ಮೇಲಿನಿಂದ "ಸರ್ಕಳ್ರೋ" ಎಂದು ಕೂಗು ಬಂತು. ಹಿಡಿತ ತಪ್ಪಿ ದಿಮ್ಮಿ ಬೇಗ ಉರುಳಿತು. ಮತ್ತೆ ಕೂಗಿದರು. ಅವನು ಕಡ್ಡಿ ಗೀರುತ್ತಲೇ ಇದ್ದ. ಎಷ್ಟು ಕೂಗಿದರೂ ಅವನು ತಿರುಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಂದು ಉಸಿರು ನಿಂತು ನೋಡಿದೆ. ಆಮೇಲೆ ಮಂಕರಿ ಬಿಸಾಡಿ ಅವನ ಹೆಗಲ ಮೇಲಿನ ಟವಲನ್ನು ಕುತ್ತಿಗೆಗೆ ಸೇರಿಸಿ ಹಿಡಿದು ಎಳೆದೆ. ಇಬ್ಬರೂ ಬಿದ್ದೆವು. ಅವನು ನಿಂತಿದ್ದ ಜಾಗದ ಮೇಲೆ ದಿಮ್ಮಿ ಹೋಯಿತು.

ಅವನು ಎದ್ದು ಪಂಚೆ ಕೊಡವಿದ.

"ಮುಂಡೆ, ಮೈ ಮುಟ್ತೀಯಾ?" ಎಂದ. "ನನಗೆ ಕೇಳಿಸಿತ್ತು. ಸರೀತಾ ಇದ್ದೆ."

ಓಡಿ ಬಂದವರು ಸುತ್ತ ನಿಂತಿದ್ದರು.

"ಮೇಸ್ತ್ರಿಗೆ ಕೇಳ್ಸದೆ ಇರ್ತದಾ" ಎಂದ ನಾಗರಾಜು. "ಮೇಸ್ತ್ರಿದು ಎಂಥಾ ಕಿವಿ!"

ಅಂಗಳದಲ್ಲಿ ಹೆಂಗಸರು ಕಾಲಿಟ್ಟರೆ ಹೀಗೇ ಆಗುವುದು ಎಂದು ಸಂಜೆಯೇ ನನ್ನನ್ನು ಕೆಲಸದಿಂದ ಬಿಡಿಸಿದರು. ಈಗ ಸುಂಟಿಕೊಪ್ಪದ ಹತ್ತಿರ ಒಂದು ತೋಟದಲ್ಲಿದ್ದೇನೆ. ಅತ್ತೆ ಜೊತೆಗಿದ್ದಾಳೆ. ಬಯ್ಯುತ್ತಾಳೆ, ಕೇಳಿಸುತ್ತದೆ.

ಕುಶಾಲನಗರದಿಂದ ಬಂದವರು ಮಿಲ್ಲಿನ ಸುದ್ದಿ ಹೇಳುತ್ತಿರುತ್ತಾರೆ. ಚನ್ನಮಲ್ಲಪ್ಪ ಈಗಲೂ ಅಂಗಳದಲ್ಲಿ ಲಾರಿಗೆ ಬೆನ್ನು ಹಾಕಿಯೇ ನಿಲ್ಲುತ್ತಾನಂತೆ. ಮುಖ ಮಾಡಿ ನಿಂತರೆ ಕಿವಿ ಮಂದ ಎಂದು ಆಳುಗಳಿಗೆ ಗೊತ್ತಾಗಿಬಿಡುತ್ತದಲ್ಲ. ನಿಲ್ಲಲಿ. ಈಗ ಅಲ್ಲಿ ಎಳೆಯುವವರು ಯಾರೂ ಇಲ್ಲ.